ನಾಲ್ಕು ಮಳೆಗಾಲ ಕಂಡ ಕುರ್ಚಿ, ಮೇಜು, ಇನ್ವರ್ಟರ್

2021ರ ಜೂನ್‌ನಲ್ಲಿ ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ನಮ್ಮೂರಿಗೆ ಬಂದೆ. ಜಗಲಿಯ ಪಕ್ಕದಲ್ಲಿ ಅಡಿಕೆ ಮೂಟೆ ಇಡುತ್ತಿದ್ದ ಕೋಣೆಯೇ ಅಂದಿನಿಂದ ನನ್ನ ಕಚೇರಿ. ಸಾಮಾನು ಮನೆಗೆ ಬಂದ ದಿನವೇ ಐದು ನಕ್ಷತ್ರ ಕೊಟ್ಟವರ ಮಾತು ನಂಬಿ ಒಮ್ಮೆ ಕೆಟ್ಟಿದ್ದೇನೆ. ಮಲೆನಾಡಿನಲ್ಲಿ ವಸ್ತುವಿನ ಯೋಗ್ಯತೆ ತಿಳಿಯುವುದು ಜುಲೈ ತಿಂಗಳಲ್ಲಿ. ಅಂಥ ನಾಲ್ಕು ಜುಲೈ ಕಳೆದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸೋತದ್ದು ಮೇಜು. ಆನ್‌ಲೈನ್‌ನಲ್ಲಿ ತರಿಸಿದ ಪಾರ್ಟಿಕಲ್ ಬೋರ್ಡಿನದು, ಅಂದರೆ ಮರದ ಪುಡಿಗೆ ಅಂಟು ಸೇರಿಸಿ ಒತ್ತಿದ ಹಲಗೆ. ನೋಡಲು ಲಕ್ಷಣವಾಗಿಯೇ ಇತ್ತು. ಸ್ಕ್ರೂ ತೂತುಗಳಿಂದ, ಅಂಚಿನ ಪಟ್ಟಿಯ ಸಂದಿನಿಂದ ತೇವ ಒಳಗಿಳಿದು, ಆಗಸ್ಟ್ ಹೊತ್ತಿಗೆ ಚಹಾದಲ್ಲಿ ಅದ್ದಿದ ಬಿಸ್ಕತ್ತಿನಂತೆ ಉಬ್ಬಿಕೊಂಡಿತು. ಸ್ಕ್ರೂ ಬಿಗಿ ಮಾಡಲು ಹೋದರೆ ಪುಡಿ ಉದುರುತ್ತಿತ್ತು. ಕೊನೆಗೆ ಅಟ್ಟದ ಮೇಲಿದ್ದ ಅಜ್ಜನ ಹಲಸಿನ ಮೇಜನ್ನೇ ಇಳಿಸಿದೆವು. ಅದಕ್ಕೆ ಮಳೆಯೂ ಲೆಕ್ಕವಿಲ್ಲ, ಗೆದ್ದಲೂ ಲೆಕ್ಕವಿಲ್ಲ.

ಆದರೆ ಅದರ ಎತ್ತರ 30 ಇಂಚು, ನನ್ನದು ಐದು ಅಡಿ ಮೂರಿಂಚು. ಮೊಣಕೈ ಮೇಜಿನ ಮಟ್ಟಕ್ಕೆ ಬರುವಂತೆ ಕುರ್ಚಿ ಏರಿಸಿದರೆ ಕಾಲು ನೇತಾಡುತ್ತಿತ್ತು. ತೊಡೆಯ ಕೆಳಭಾಗ ಒತ್ತಿ ಸಂಜೆಯ ಹೊತ್ತಿಗೆ ಪಾದ ಜೋಮು ಹಿಡಿಯುತ್ತಿತ್ತು. ಅಡುಗೆಮನೆಯಿಂದ ಒಂದು ಮಣೆ ತಂದು ಕಾಲಡಿಗೆ ಇಟ್ಟುಕೊಂಡೆ. ಉಣ್ಣುವ ಮಣೆಯನ್ನು ತುಳಿಯುವುದೇ ಎಂದು ಅಮ್ಮ ಎರಡು ದಿನ ಮಾತು ಬಿಟ್ಟರು. ಆಚಾರಿಯಿಂದ ಬೇರೆ ಮಣೆ ಮಾಡಿಸಿದ ಮೇಲೆಯೇ ಸಂಧಾನವಾದದ್ದು. ಖರ್ಚು 250 ರೂಪಾಯಿ. ಇಡೀ ಕೋಣೆಯಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ದುಡಿದದ್ದು ಇದೇ.

ಕುರ್ಚಿಗೆ 11,000 ಕೊಟ್ಟೆ. “ಈ ದುಡ್ಡಿಗೆ ಒಂದು ಕರು ಬರುತ್ತಿತ್ತಲ್ಲೋ ಮಾಣಿ” ಎಂದರು ಅಪ್ಪಯ್ಯ. ಕೂರುವ ಜಾಗವೂ ಬೆನ್ನೂ ಪೂರ್ತಿ ಜಾಲರಿಯದು. ನಮ್ಮ ಕಡೆಯವರು ಇಂಥದ್ದನ್ನೇ ತೆಗೆದುಕೊಳ್ಳಬೇಕು. ಸ್ಪಂಜು ಕುರ್ಚಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿದರೆ ಆ ವಾಸನೆ ದೀಪಾವಳಿಯವರೆಗೂ ಹೋಗುವುದಿಲ್ಲ. ಜಾಲರಿ ಇನ್ನೂ ಜೋತಿಲ್ಲ, ಬೆನ್ನುನೋವು ಹತ್ತಿರ ಬಂದಿಲ್ಲ. ನೈಲಾನ್ ಚಕ್ರಗಳು ಮಾತ್ರ ಕೆಂಪು ಗಾರೆ ನೆಲವನ್ನು ಗೀಚಿದವು. ಮೆತ್ತನೆಯ ಚಕ್ರ ಹಾಕಿಸಿದೆ. ಮೂರನೆಯ ವರ್ಷ, ವಾರಂಟಿ ಇರುವಾಗಲೇ ಕುರ್ಚಿಯನ್ನು ಏರಿಸಿ ಇಳಿಸುವ ಗ್ಯಾಸ್ ಸಿಲಿಂಡರ್ ಸೋರಿ, ಮೀಟಿಂಗ್ ನಡುವೆ ನಾನು ಮೆಲ್ಲಗೆ ಪರದೆಯಿಂದ ಕೆಳಗಿಳಿದು ಮರೆಯಾಗುವಂತಾಯಿತು. ಕಂಪನಿಗೆ ದೂರು ಕೊಟ್ಟರೆ, ನಿಮ್ಮ ಪಿನ್‌ಕೋಡ್‌ಗೆ ಸೇವೆ ಇಲ್ಲ ಎಂಬ ಉತ್ತರ. ಕುರ್ಚಿ ಮಾರುವಾಗ ಇದ್ದದ್ದೂ ಅದೇ ಪಿನ್‌ಕೋಡ್! ಬೇರೆ ಸಿಲಿಂಡರ್ ತರಿಸಿ, ಪೈಪ್ ರೆಂಚಿನಿಂದ ಹಳೆಯದನ್ನು ತಿರುಚಿ ಕಿತ್ತು ನಾನೇ ಕೂರಿಸಿದೆ.

ಇನ್ನು ಕರೆಂಟು. ಇನ್ವರ್ಟರಿಗೆ ಹಾಕಿದ 12 ವೋಲ್ಟಿನ 150 ಆಂಪಿಯರ್-ಅವರ್ ಟ್ಯೂಬ್ಯುಲರ್ ಬ್ಯಾಟರಿ ಎಂದರೆ ಕಾಗದದ ಮೇಲೆ 1,800 ವಾಟ್-ಅವರ್. ನಷ್ಟ ಕಳೆದು, ಪೂರ್ತಿ ಬರಿದು ಮಾಡದೆ ಬಳಸಿದರೆ 1,200 ಎಂದು ಹಿಡಿಯಿರಿ. ಲ್ಯಾಪ್‌ಟಾಪ್ 50 ವಾಟ್, ಮಾನಿಟರ್ 25, ದೀಪ 9, ಹಳೆಯ ಫ್ಯಾನ್ ಒಂದೇ 75! ಅದನ್ನು ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟರಿನ) ಫ್ಯಾನಿಗೆ ಬದಲಿಸಿದಾಗ 30ಕ್ಕೆ ಇಳಿಯಿತು, ಬ್ಯಾಟರಿ ಸುಮಾರು ಮೂರು ಗಂಟೆ ಹೆಚ್ಚು ಬಂತು.

ಇನ್ವರ್ಟರಿನ ಹಿಂದೆ ಯುಪಿಎಸ್, ನಾರ್ಮಲ್ ಎಂದು ಬರೆದ ಒಂದು ಪುಟ್ಟ ಸ್ವಿಚ್ ಇದೆ. ಕರೆಂಟು ಹೋದಾಗ ರೂಟರ್ ಸತ್ತು ಹುಟ್ಟಬಾರದೆಂದು ಯುಪಿಎಸ್‌ನಲ್ಲಿ ಇಟ್ಟಿದ್ದೆ. ಆದರೆ ಆ ಬದಿಯಲ್ಲಿ ಸುಮಾರು 180 ವೋಲ್ಟಿಗಿಂತ ಕಡಿಮೆಯಾದರೆ ಇನ್ವರ್ಟರ್ ಅದನ್ನು ಕರೆಂಟೆಂದೇ ಒಪ್ಪುವುದಿಲ್ಲ. ಎಲ್ಲರ ಪಂಪೂ ತಿರುಗುವ ಹೊತ್ತಿಗೆ ನಮ್ಮ ಲೈನಿನಲ್ಲಿ ಅಷ್ಟೂ ಇರುವುದಿಲ್ಲ. ಇನ್ವರ್ಟರಿಗೆ ಸೇರದ ದೀಪ ಮಂಕಾಗಿ ಉರಿಯುತ್ತಿದ್ದರೂ ಬ್ಯಾಟರಿ ಖಾಲಿಯಾಗುತ್ತಿತ್ತು. ಕಾರಣ ಗೊತ್ತಾಗಲು ನನಗೆ ಒಂದು ವರ್ಷ ಹಿಡಿಯಿತು. ಈಗ ಸ್ವಿಚ್ ಕಡಿಮೆ ವೋಲ್ಟೇಜನ್ನೂ ಒಪ್ಪುವ ನಾರ್ಮಲ್‌ನಲ್ಲಿದೆ, ರೂಟರಿಗೆ 1,200 ರೂಪಾಯಿಯ ಪ್ರತ್ಯೇಕ ಮಿನಿ ಯುಪಿಎಸ್ ಇದೆ. ಕೊಳ್ಳುವ ಮೊದಲು ರೂಟರಿನ ಅಡಾಪ್ಟರ್ ಮೇಲೆ 12 ವೋಲ್ಟೋ 9 ವೋಲ್ಟೋ ನೋಡಿಕೊಳ್ಳಿ.

ಮರ ಬಿದ್ದು ಫೈಬರ್ ಕೇಬಲ್ಲೇ ತುಂಡಾದರೆ ಇದ್ಯಾವುದೂ ಉಪಯೋಗಕ್ಕೆ ಬಾರದು. ಆಗ ಲ್ಯಾಪ್‌ಟಾಪ್ ಹೆಗಲಿಗೇರಿಸಿ ಸಾಗರ ಪೇಟೆಯ ಭಾವನ ಮನೆಗೆ ಹೋಗುತ್ತೇನೆ. ಕಳೆದ ಮಳೆಗಾಲದಲ್ಲಿ ಐದು ದಿನ ಹಾಗಾಯಿತು.

ಬ್ಯಾಟರಿಗೆ ಮೂರು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ತಪ್ಪಿಸಿಲ್ಲ. ಆದರೂ ಮೊದಲು ಹತ್ತು ಗಂಟೆ ಬರುತ್ತಿದ್ದದ್ದು ಈಗ ಆರಕ್ಕೆ ಇಳಿದಿದೆ. ಹಳೆಯದನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ಎಷ್ಟು ಕಳೆಯುತ್ತಾರೆಂದು ವಿಚಾರಿಸುತ್ತಿದ್ದೇನೆ. ಮೇ ಮುಗಿಯುವುದರೊಳಗೆ ಬದಲಿಸಬೇಕು.