ಎರಡು ರಿಡ್ಜರ್‌ನ ಏರುಮಡಿ ಯಂತ್ರ: ಎರೆಮಣ್ಣಿನಲ್ಲಿ ಇದರ ಮಡಿ ಎಷ್ಟು ತಾಳುತ್ತದೆ?

ಟ್ರ್ಯಾಕ್ಟರ್ ಹಿಂದೆ ಕಟ್ಟುವ ಈ ಯಂತ್ರದಲ್ಲಿ ಮುಖ್ಯವಾಗಿ ಇರುವುದು ಒಂದು ಅಡ್ಡಪಟ್ಟಿ, ಅದಕ್ಕೆ 150 ಸೆಂ.ಮೀ. ಅಂತರದಲ್ಲಿ ಬಿಗಿದ ಎರಡು ರಿಡ್ಜರ್ (ಮಣ್ಣನ್ನು ಎರಡೂ ಬದಿಗೆ ತಳ್ಳಿ ಸಾಲು ತೆಗೆಯುವ ರೆಕ್ಕೆಯ ನೇಗಿಲು), ನಡುವೆ ಒಂದು ಮಟ್ಟಹಲಗೆ. ಒಂದು ಮೀಟರ್ ಅಗಲದ ಮಡಿ, ಪಕ್ಕದಲ್ಲಿ ಅರ್ಧ ಮೀಟರ್ ಸಾಲು. ಎರೆಮಣ್ಣಿಗೆಂದು ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ರೂಪಿಸಿದ ಅಗಲ ಮಡಿ ಪದ್ಧತಿಯ ಅಳತೆಯೂ ಇದೇ. ಮಡಿ ಎಬ್ಬಿಸುವುದರಲ್ಲಿ ಯಂತ್ರಕ್ಕೆ ಪೂರ್ತಿ ಅಂಕ ಕೊಡಬಹುದು. ಆದರೆ ಮಡಿಯ ಗುಣ ಎಬ್ಬಿಸಿದ ದಿನ ತಿಳಿಯುವುದಿಲ್ಲ, ನಾಲ್ಕು ದೊಡ್ಡ ಮಳೆ ಕಳೆಯಬೇಕು.

ಸಡಿಲ ಮಣ್ಣು ಕೂರುತ್ತದೆ, ಅಂಚು ಜರಿದು ಸಾಲಿಗೆ ಬೀಳುತ್ತದೆ. ಮಡಿ ಇಳಿದಂತೆ ಸಾಲಿನ ತಳವೂ ಏರುತ್ತದೆ. 15 ಸೆಂ.ಮೀ. ಉಳಿಯಬೇಕೆಂದರೆ 20 ಎತ್ತಿ. ರಿಡ್ಜರ್ ರೆಕ್ಕೆಯನ್ನು ಅಗಲಿಸಿ ಬದಿಗೆ ಓರೆ ಕೊಡಿ. ನೆಟ್ಟಗೆ ಕಡಿದ ಅಂಚು ಮೊದಲ ಜೋರು ಮಳೆಗೇ ಕುಸಿಯುತ್ತದೆ. ಹಲಗೆಯ ಒತ್ತಡ ಹೆಚ್ಚಾದರೆ ಮೇಲ್ಮೈ ಹೆಪ್ಪುಗಟ್ಟಿ ಮೊಳಕೆ ಏಳುವುದಿಲ್ಲ, ಅದನ್ನು ಹಗುರವಾಗಿ ತಾಗಿಸಿದರೆ ಸಾಕು.

ಯಂತ್ರಕ್ಕಿಂತ ಮಣ್ಣಿನ ತೇವದ ಹದ ದೊಡ್ಡದು. ರಿಡ್ಜರ್ ಓಡುವ ಆಳದ ಮಣ್ಣನ್ನು ಅಂಗೈಯಲ್ಲಿ ಹೊಸೆಯಿರಿ. 3 ಮಿ.ಮೀ. ದಪ್ಪದ ಎಳೆಯಾದರೂ ಮುರಿಯದಿದ್ದರೆ ಇನ್ನೂ ಹಸಿ ಎಂದರ್ಥ, ಯಂತ್ರ ಇಳಿಸಬೇಡಿ. ಇಳಿಸಿದರೆ ಸಾಲಿನ ಗೋಡೆ ಸಾರಿಸಿದಂತೆ ಮಿರುಗುತ್ತದೆ, ಸೂಕ್ಷ್ಮ ರಂಧ್ರಗಳು ಮುಚ್ಚಿ ಮಡಿಯ ನೀರು ಪಕ್ಕಕ್ಕೆ ಬಸಿಯುವುದಿಲ್ಲ. ತೀರಾ ಒಣಗಿದ್ದರೆ ಬರೀ ಹೆಂಟೆ. ಒಳಗಿನ ಪೊಳ್ಳು ಕುಸಿದು ಮಡಿಯಲ್ಲಿ ತಗ್ಗು ಬೀಳುತ್ತದೆ.

ಒಣಗಿದಾಗ ಬಿರುಕಿನಲ್ಲಿ ನೀರು ಕುಡಿಯುವ ಎರೆಮಣ್ಣು, ನೆನೆದು ಉಬ್ಬಿದ ಮೇಲೆ ಬಾಯಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಹೆಚ್ಚಿನ ನೀರು ಹೋಗಬೇಕಾದದ್ದು ಸಾಲಿನಲ್ಲೇ. 100 ಮೀಟರ್ ಉದ್ದಕ್ಕೆ 40ರಿಂದ 80 ಸೆಂ.ಮೀ. ಇಳಿಜಾರು ಇರಲಿ, ಕೊನೆಯ ಬಸಿಗಾಲುವೆ ಸಾಲಿಗಿಂತ ತಗ್ಗಿರಲಿ. ನಡುವೆ 5 ಸೆಂ.ಮೀ. ಗುಂಡಿಯಿದ್ದರೂ ನೀರು ಅಲ್ಲೇ ನಿಂತು, ಹೂಳು ತುಂಬಿ, ಗುಂಡಿಯಿಂದ ಮೇಲಕ್ಕಿರುವ ಸಾಲನ್ನೆಲ್ಲ ಕೆಡಿಸುತ್ತದೆ. ಈ ತಪ್ಪನ್ನು ಯಾವ ಯಂತ್ರವೂ ಸರಿಪಡಿಸದು.

ಗಾಲಿಗಳು ವರ್ಷವೂ ಅದೇ ಸಾಲಿನಲ್ಲಿ ಓಡಿ, ಮಡಿಯನ್ನು ಯಾರೂ ತುಳಿಯದಿದ್ದರೆ ಎರಡು-ಮೂರು ಬೆಳೆಯಲ್ಲಿ ಬೇರು, ಬಿರುಕು, ಎರೆಹುಳು ಸೇರಿ ಮಣ್ಣು ಹರಳುಗಟ್ಟುತ್ತದೆ, ಅಂದರೆ ಸಣ್ಣ ಸಣ್ಣ ಉಂಡೆಗಳಾಗುತ್ತದೆ. ಹಾಗಾಗಿ ಕೊಳ್ಳುವ ಮುನ್ನ ನಿಮ್ಮ ಟ್ರ್ಯಾಕ್ಟರ್ ಗಾಲಿಗಳ ನಡು ಅಂತರವನ್ನು 150ಕ್ಕೆ ಹೊಂದಿಸಬಹುದೇ ನೋಡಿ. ಆಗದಿದ್ದರೆ ಈ ಯಂತ್ರ ಬೇಡ. ಪ್ರತಿ ವರ್ಷ ಮಡಿ ಒಡೆದು ಹೊಸದಾಗಿ ಕಟ್ಟುವುದೂ ಬೇಡ, ರಿಡ್ಜರ್ ಹಾಯಿಸಿ ಸಾಲಿನ ಹೂಳನ್ನು ಮೇಲೆತ್ತಿದರೆ ಸಾಕು.

ಮಡಿ ಪದೇ ಪದೇ ಕರಗುತ್ತಿದ್ದರೆ ಮಣ್ಣಿನ ಒಣ ಹರಳೊಂದನ್ನು ಮಳೆನೀರಿನ ಲೋಟಕ್ಕೆ ಹಾಕಿ, ಅಲುಗಿಸದೆ ಕೆಲವು ಗಂಟೆ ಬಿಡಿ. ಸುತ್ತ ಹಾಲಿನಂತೆ ಮಬ್ಬು ಹರಡಿದರೆ ಮಣ್ಣಿನಲ್ಲಿ ಸೋಡಿಯಂ ಹೆಚ್ಚಿರುವ ಸಾಧ್ಯತೆ ಇದೆ. ಮಣ್ಣು ಪರೀಕ್ಷೆ ಮಾಡಿಸಿ, ಅದು ಹೇಳಿದಷ್ಟು ಜಿಪ್ಸಂ ಹಾಕಿದ ಮೇಲೆಯೇ ಮತ್ತೆ ಮಡಿ ಎಬ್ಬಿಸಿ.