ಬೆಳಗಾವಿಯ ಟಿಳಕವಾಡಿಯಲ್ಲಿ ಕೂತು ಆಲ್ಪ್ಸ್ ದಾರಿ ಹುಡುಕಿದ್ದು: ಸ್ವಿಸ್‌ಟೋಪೋ ಆ್ಯಪ್ ಬಗ್ಗೆ

ಸ್ವಿಟ್ಜರ್ಲೆಂಡಿಗೆ ಹೋಗಿ ಗುಡ್ಡ ಹತ್ತಬೇಕು ಅನ್ನುವವರು ಬೇರೆ ಯಾವ ಆ್ಯಪ್ ಹಾಕಿಕೊಳ್ಳದಿದ್ದರೂ ಸರಿ, ಸ್ವಿಸ್‌ಟೋಪೋ ಹಾಕಿಕೊಳ್ಳಿ. ಅಲ್ಲಿನ ಸರ್ಕಾರದ ಸರ್ವೇ ಕಚೇರಿಯೇ ಮಾಡಿದ ನಕಾಶೆ ಆ್ಯಪ್ ಇದು. ದುಡ್ಡು ಕೊಡಬೇಕಿಲ್ಲ, ಜಾಹೀರಾತಿನ ಕಾಟ ಇಲ್ಲ.

ನಾನು ಸರ್ವೇಯರ್ ಆಗಿ ನಿವೃತ್ತನಾದವನು. ಬೈಲಹೊಂಗಲ, ಖಾನಾಪುರ, ಹುಕ್ಕೇರಿ ಕಡೆಯ ಹೊಲಗಳಲ್ಲಿ ಚೈನು ಎಳೆದು, ಬಾಂದುಕಲ್ಲು ಹುಡುಕಿ, ಟಿಪ್ಪಣಿ ಪುಸ್ತಕ ತುಂಬಿಸಿ ನೌಕರಿ ಮುಗಿಸಿದೆ. ಒಂದು ನಕಾಶೆ ಚೆನ್ನಾಗಿದೆ ಅಂತ ನಾನು ಸುಮ್ನೆ ಹೇಳುವುದಿಲ್ಲ. ಇದನ್ನು ಮನಸ್ಸು ತುಂಬಿ ಹೇಳುತ್ತಿದ್ದೇನೆ.

ಮಗಳು ಬರ್ನ್‌ನಲ್ಲಿದ್ದಾಳೆ. ನಮ್ಮಿಬ್ಬರನ್ನೂ ಸೆಪ್ಟೆಂಬರಿಗೆ ಕರೆಸಿಕೊಳ್ಳುವುದು ಅಂತ ಆಯಿತು. ಫೋನಿನಲ್ಲಿ ಹೇಳಿದಳು: "ಅಪ್ಪಾ, ಇಲ್ಲಿ ಗುಡ್ಡಕ್ಕ ಹೋಗೋರು ಇದನ್ನ ನೋಡೇ ಹೋಗ್ತಾರ್ರಿ. ನೀವೂ ಹಾಕ್ಕೊಂಡು ನೋಡ್ರಿ. ಎಲ್ಲಿ ಹೋಗೂದು ಅನ್ನೂದು ನೀವ ಹೇಳ್ರಿ." ಜುಲೈ ತಿಂಗಳು. ಬೆಳಗಾವಿ ಮಳೆ ಗೊತ್ತಲ್ಲ, ಮನೆ ಬಿಟ್ಟು ಹೊರಗೆ ಕಾಲಿಡುವ ಹಾಗಿರಲಿಲ್ಲ. ಸಂಜೆ ಪಡಸಾಲೆಯಲ್ಲಿ ಕೂತು ಆಲ್ಪ್ಸ್ ಬಿಚ್ಚಿಕೊಂಡು ನೋಡುವುದೇ ಕೆಲಸವಾಯಿತು.

ನಾವು ಆರಿಸಿದ್ದು ಕಾಂಡರ್‌ಸ್ಟೆಗ್ ಅನ್ನುವ ಊರು. ಬರ್ನ್‌ನಿಂದ ಸ್ಪಿಟ್ಸ್ ಮೇಲೆ ರೈಲಿನಲ್ಲಿ ಹೋದರೆ ಒಂದು ತಾಸಿನ ಮೇಲೆ ಸ್ವಲ್ಪ ಹಿಡಿಯುತ್ತದೆ. ಕಣಿವೆಯ ತಳದಲ್ಲಿ ಊರು, ಅಲ್ಲಿಂದ ಗೊಂಡೊಲಾ, ಅಂದರೆ ತಂತಿಯ ಮೇಲೆ ತೂಗುತ್ತಾ ಹೋಗುವ ಡಬ್ಬಿ, ಮೇಲಕ್ಕೆ ಒಯ್ಯುತ್ತದೆ. ಮೇಲೆ ಓಶಿನೆನ್ ಸರೋವರ, 1,578 ಮೀಟರ್ ಎತ್ತರದಲ್ಲಿ. ಹಿಂದೆ ಯಾವತ್ತೋ ಬೆಟ್ಟ ಜರಿದು ಕಣಿವೆಗೆ ಅಡ್ಡ ಬಿದ್ದು ಆದ ಕೆರೆ ಅದು. ನೀರು ಮೇಲಿನಿಂದ ಹರಿದು ಹೊರಗೆ ಹೋಗುವುದಿಲ್ಲ, ನೆಲದೊಳಗಿಂದಲೇ ಜಾರಿ ಹೋಗುತ್ತದೆ. ಕೆರೆಯ ಉತ್ತರಕ್ಕೆ ಎತ್ತರದಲ್ಲಿ ಹೋಯ್‌ಬೆರ್ಗ್ ಅಂತ ಒಂದು ನೋಟದ ಜಾಗ. ಅಲ್ಲಿ ನಿಂತರೆ ಇಡೀ ಕೆರೆ ಕಾಲ ಕೆಳಗೆ, ಎದುರಿಗೆ ಹಿಮದ ಶಿಖರಗಳ ಸಾಲು. ಆ ಜಾಗಕ್ಕೆ ಹೋಗುವುದೇ ನಮ್ಮ ಗುರಿ.

ಈಗ ನಕಾಶೆಗೆ ಬರೋಣ. ಬೆರಳಿನಿಂದ ಹಿಗ್ಗಿಸಿ ಹೋದ ಹಾಗೆ ಅದು ಬೇರೆ ಬೇರೆ ಅಳತೆಯ ಹಾಳೆಗೆ ತಾನೇ ಬದಲಾಗುತ್ತದೆ. 1:25,000 ಹಾಳೆಗೆ, ಅಂದರೆ ಒಂದು ಸೆಂಟಿಮೀಟರಿಗೆ 250 ಮೀಟರ್ ನೆಲ ತೋರಿಸುವ ಹಾಳೆಗೆ, ಬಂದು ನಿಂತಿರಿ ಅನ್ನಿ. ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಎತ್ತರದ ಗೆರೆಗಳು ಆಲ್ಪ್ಸ್ ಭಾಗದಲ್ಲಿ 20 ಮೀಟರ್ ಏರಿಗೊಂದು. ಆ ಗೆರೆಗಳ ಬಣ್ಣ ನೋಡಿ. ಮಣ್ಣಿನ ನೆಲದ ಮೇಲೆ ಹೋಗುವಾಗ ಕಂದು. ಕಲ್ಲುಜಲ್ಲಿಯ ಇಳಿಜಾರಿಗೆ ಬಂದ ತಕ್ಷಣ ಅದೇ ಗೆರೆ ಕಪ್ಪಾಗುತ್ತದೆ. ಹಿಮನದಿಯ ಮೇಲೆ ಹೋದರೆ ನೀಲಿ. ಒಂದೇ ಗೆರೆ, ಕಾಲ ಕೆಳಗಿನ ನೆಲ ಏನು ಅಂತ ಹೇಳುತ್ತಾ ಹೋಗುತ್ತದೆ! ಕಡಿದಾದ ಬಂಡೆಗಳನ್ನು ಸಣ್ಣ ಸಣ್ಣ ಗೀರು ಎಳೆದು ಚಿತ್ರದ ಹಾಗೆ ಬಿಡಿಸಿದ್ದಾರೆ. ವಾಯವ್ಯದಿಂದ ಬಿಸಿಲು ಬಿದ್ದ ಹಾಗೆ ನೆರಳು ಕೊಟ್ಟಿದ್ದಾರೆ. ಗೆರೆ ಓದಲು ಬಾರದವರಿಗೂ ಯಾವುದು ದಿಣ್ಣೆ, ಯಾವುದು ತಗ್ಗು ಅಂತ ಕಣ್ಣಿಗೆ ಹೊಡೆಯುತ್ತದೆ. ನಮ್ಮ ಮನೆಯವರು ನಕಾಶೆ ಅಂದರೆ ದೂರ ಸರಿಯುವವರು. ಅವರೇ ನೋಡಿ "ಇದು ಗುಡ್ಡ, ಇದು ಕೊಳ್ಳ, ಹೌದಲ್ರಿ?" ಅಂದರು.

ದಾರಿ ಗೊತ್ತು ಮಾಡುವುದು ಹೀಗೆ. ಪರದೆಯ ಮೇಲೆ ಒಂದೊಂದೇ ಬಿಂದು ಇಡುತ್ತಾ ಹೋದರೆ ಕಾಲುದಾರಿಗೆ ಗೆರೆ ಕೂಡಿಕೊಳ್ಳುತ್ತದೆ. ಎಷ್ಟು ದೂರ, ಎಷ್ಟು ಏರು, ಎಷ್ಟು ಇಳುಕಲು, ಎಷ್ಟು ತಾಸು ಎಲ್ಲ ಬರುತ್ತದೆ. ಆದರೆ ನಾನು ಕೈಯಿಂದಲೂ ಎಣಿಸಿದೆ. ಗೊಂಡೊಲಾ ಇಳಿಯುವ ಜಾಗ ಸುಮಾರು 1,680 ಮೀಟರ್. ಅಲ್ಲಿಂದ ಹೋಯ್‌ಬೆರ್ಗ್‌ಗೆ ಹನ್ನೆರಡು ಹದಿಮೂರು ಗೆರೆ ದಾಟಬೇಕು. ಅಂದರೆ 250 ಮೀಟರಿನ ಸುತ್ತಮುತ್ತ ಏರು. ಆಗಬಹುದು.

ಬಹಳ ಜನ ಅಲ್ಲಿಗೇ ನಿಲ್ಲುವುದಿಲ್ಲ. ಮುಂದೆ ಓಬರ್‌ಬೆರ್ಗ್ಲಿ ಅನ್ನುವ ದನದ ಹಟ್ಟಿಯ ತನಕ ಹೋಗಿ, ಅಲ್ಲಿಂದ ಕೆರೆಗೆ ಇಳಿದು ಸುತ್ತು ಮುಗಿಸುತ್ತಾರೆ. ಫೋಟೋ ನೋಡಿದರೆ ಆಸೆಯಾಗುತ್ತದೆ. ನಕಾಶೆ ನೋಡಿದರೆ ವಿಚಾರ ಬದಲಾಗುತ್ತದೆ. ಓಬರ್‌ಬೆರ್ಗ್ಲಿ 1,978 ಮೀಟರ್, ಕೆರೆ 1,578. ಸರಿಯಾಗಿ 400 ಮೀಟರ್ ಇಳುಕಲು. ಆ ಜಾಗದಲ್ಲಿ ಗೆರೆಗಳು ಬಾಚಣಿಗೆಯ ಹಲ್ಲಿನ ಹಾಗೆ ಒತ್ತಿಕೊಂಡಿವೆ, ಪಕ್ಕದಲ್ಲೇ ಬಂಡೆಯ ಗೀರುಗಳು. ನಮ್ಮ ಮನೆಯವರಿಗೆ ಮೊಣಕಾಲು ನೋವು. ಹತ್ತುವುದಕ್ಕಿಂತ ಇಳಿಯುವಾಗ ಜಾಸ್ತಿ. ಹೋಯ್‌ಬೆರ್ಗ್ ತನಕ ಹೋಗುವುದು, ಬಂದ ದಾರಿಯಲ್ಲೇ ವಾಪಸ್, ಆಮೇಲೆ ಗೊಂಡೊಲಾ ನಿಲ್ದಾಣದಿಂದ ಅಗಲವಾದ ದಾರಿಯಲ್ಲಿ ಕೆರೆಗೆ. ಇದನ್ನು ಬೆಳಗಾವಿಯಲ್ಲೇ ಕೂತು ಮಾತಾಡಿ ಮುಗಿಸಿದೆವು.

ತಾಸಿನ ಲೆಕ್ಕದ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಸ್ವಿಟ್ಜರ್ಲೆಂಡಿನಲ್ಲಿ 65,000 ಕಿಲೋಮೀಟರಿಗೂ ಹೆಚ್ಚು ಗುರುತು ಹಾಕಿದ ನಡೆದಾರಿಗಳಿವೆ. ಹಳದಿ ಬೋರ್ಡಿನ ಮೇಲೆ ಎಷ್ಟು ಹೊತ್ತಿನ ದಾರಿ ಅಂತ ಬರೆದಿರುತ್ತಾರೆ. ಆ ಲೆಕ್ಕ ಸಪಾಟು ನೆಲದಲ್ಲಿ ತಾಸಿಗೆ 4.2 ಕಿಲೋಮೀಟರ್ ನಡೆಯುವವರಿಗೆ. ಕೂತು ಉಸಿರು ಬಿಡುವ ಹೊತ್ತು ಅದರಲ್ಲಿ ಸೇರಿಲ್ಲ. ಹಾಗಾಗಿ ನಿಮ್ಮ ನಡಿಗೆ ಎಷ್ಟು ಅಂತ ಮೊದಲು ಊರಿನಲ್ಲೇ ಅಳೆದುಕೊಳ್ಳಿ. ನಾವು ಯಳ್ಳೂರಿನ ರಾಜಹಂಸಗಡಕ್ಕೆ ಹೋಗಿ ಅಭ್ಯಾಸ ಮಾಡಿದೆವು. ಮಳೆ ಹೊಳವಾದಾಗ ಬುಡದಲ್ಲಿ ಗಾಡಿ ನಿಲ್ಲಿಸಿ ಕೋಟೆ ಬಾಗಿಲ ತನಕ ನಡೆದು, ಗಡಿಯಾರ ನೋಡಿ ಬರೆದುಕೊಂಡೆವು. ಸ್ವಿಸ್ ಬೋರ್ಡಿನ ಲೆಕ್ಕ ಒಂದು ತಾಸು ಅಂದರೆ ನಮ್ಮಿಬ್ಬರಿಗೆ ಒಂದೂವರೆ ತಾಸು. ಇದೊಂದು ಸಂಖ್ಯೆ ಕೈಯಲ್ಲಿದ್ದರೆ ಕೊನೆಯ ಗೊಂಡೊಲಾ ತಪ್ಪುವ ಭಯ ಇರುವುದಿಲ್ಲ.

ಬಣ್ಣದ ಗುರುತೂ ತಿಳಿದಿರಲಿ. ಹಳದಿ ಮಾತ್ರ ಇದ್ದರೆ ಸಾಮಾನ್ಯ ದಾರಿ. ಬಿಳಿ-ಕೆಂಪು-ಬಿಳಿ ಇದ್ದರೆ ಬೆಟ್ಟದ ದಾರಿ, ಒಳ್ಳೆಯ ಬೂಟು ಬೇಕು, ತಲೆ ಸುತ್ತು ಬರುವವರು ಯೋಚಿಸಬೇಕು. ಹೋಯ್‌ಬೆರ್ಗ್ ದಾರಿ ಈ ಬಗೆಯದು. ಬಿಳಿ-ನೀಲಿ-ಬಿಳಿ ಇದ್ದರೆ ಹಗ್ಗ, ಹಿಮ, ಬಂಡೆ ಹತ್ತಿ ಪಳಗಿದವರಿಗೆ ಬಿಟ್ಟುಬಿಡಿ.

ನಕಾಶೆಯ ಮೇಲೆ ಬೇಕಾದ ಮಾಹಿತಿಯನ್ನು ಪದರದ ಹಾಗೆ ಹಚ್ಚಿಕೊಳ್ಳಬಹುದು. ಅದರಲ್ಲಿ ನನಗೆ ಬಹಳ ಬೆಲೆಯುಳ್ಳದ್ದು ಅನ್ನಿಸಿದ್ದು ಮುಚ್ಚಿದ ದಾರಿಗಳ ಪದರ. ಕೆರೆಯ ಎದುರು ದಂಡೆಯ ಮೇಲೆ ಸ್ಪಿಟ್ಸೆ ಸ್ಟೈನ್ ಅಂತ ಒಂದು ಬಂಡೆಬೆಟ್ಟ ಇದೆ. ಒಳಗೆ ಹೆಪ್ಪುಗಟ್ಟಿದ್ದ ನೆಲ ಕರಗುತ್ತಾ ಅದು ಜಾರುತ್ತಿದೆ. ಅದರ ಕೆಳಗಿನ ಜಾಗಕ್ಕೆ ಯಾರೂ ಹೋಗದಂತೆ ತಡೆ ಹಾಕಿದ್ದಾರೆ, ಕೆಲವು ದಾರಿಗಳೂ ಬಂದ್. ಹಳೆಯ ಪ್ರವಾಸ ಬರಹ ಓದಿಕೊಂಡು ಹೋದವರಿಗೆ ಇದು ತಿಳಿಯುವುದಿಲ್ಲ. ಆ ಪದರ ಹಚ್ಚಿಕೊಂಡರೆ ಒಂದೇ ನೋಟಕ್ಕೆ ತಿಳಿಯುತ್ತದೆ. ಹೊರಡುವ ಮುಂಜಾನೆ ಮತ್ತೊಮ್ಮೆ ನೋಡಿಕೊಳ್ಳಿ. ಬೇಕಾದ ಭಾಗವನ್ನು ಮೊದಲೇ ಫೋನಿಗೆ ಇಳಿಸಿಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ನಡೆಯುತ್ತದೆ.

ಹೋದ ದಿನ ಆಕಾಶ ತಿಳಿಯಾಗಿತ್ತು. ಏರು ಶುರುವಾಗುವುದು ಕಾಡಿನೊಳಗೆ. ಬೇರುಗಳ ಮೇಲೆ ಕಾಲಿಡುತ್ತಾ, ನಿಂತು ನಿಂತು ಹತ್ತಿದೆವು. ಒಂದು ತಿರುವಿನಲ್ಲಿ ಗಿಡ ಮುಗಿದು ಹುಲ್ಲು ಬಂತು, ಬಲಗಡೆ ನೆಲವೇ ಕತ್ತರಿಸಿದ ಹಾಗೆ ಇಳಿದು ಕೆಳಗೆ ನೀಲಿ ಹಸಿರು ನೀರು. ನಕಾಶೆಯಲ್ಲಿ ಕಂದು ಗೆರೆ ಬಂಡೆಯ ಗೀರಿಗೆ ಹತ್ತಿರವಾಗುವ ಜಾಗ ಅದೇ. ಮನೆಯವರು ಒಳಬದಿಯಲ್ಲಿ ನಡೆದರು, ಮಗಳು ಅವರ ಕೈ ಹಿಡಿದಿದ್ದಳು. ಮೇಲೆ ಕೂತು ಊರಿನಿಂದ ಒಯ್ದ ಶೇಂಗಾ ಹೋಳಿಗೆ ತಿಂದೆವು. ಆ್ಯಪ್‌ನಲ್ಲಿ ಪನೋರಮಾ ಅಂತ ಇದೆ, ಶಿಖರಗಳ ಕಡೆ ಫೋನ್ ಹಿಡಿದರೆ ಹೆಸರು ತೋರಿಸುತ್ತದೆ. ಡೋಲ್ಡನ್‌ಹಾರ್ನ್, ಫ್ರ್ಯುಂಡನ್‌ಹಾರ್ನ್, ಓಶಿನೆನ್‌ಹಾರ್ನ್, ಬ್ಲೂಮ್ಲಿಸಾಲ್ಪ್. ಎರಡು ತಿಂಗಳು ಗೆರೆಯಲ್ಲಿ ನೋಡಿದ್ದನ್ನು ಕಲ್ಲು, ಹಿಮವಾಗಿ ಎದುರಿಗೆ ನೋಡಿದಾಗ ನನಗೆ ಕಣ್ಣು ತುಂಬಿ ಬಂತು.

ಇಲ್ಲದ್ದನ್ನೂ ಹೇಳಬೇಕಲ್ಲ. ಕನ್ನಡ ಇಲ್ಲ, ಇಂಗ್ಲಿಷ್ ಇದೆ. ಗೊಂಡೊಲಾದ ಟಿಕೆಟ್ ಬೆಲೆ, ಕೊನೆಯ ಸರದಿ ಎಷ್ಟಕ್ಕೆ, ಯಾವ ತಿಂಗಳು ಬಂದ್ ಅನ್ನುವುದನ್ನು ಗೊಂಡೊಲಾದವರ ವೆಬ್‌ಸೈಟಿನಲ್ಲೇ ನೋಡಬೇಕು. ಮಳೆ-ಗಾಳಿಗೆ ಮೀಟಿಯೋಸ್ವಿಸ್ ಆ್ಯಪ್ ಬೇರೆ ಇಟ್ಟುಕೊಳ್ಳಿ. ಪದರಗಳು ಬಹಳ ಇರುವುದರಿಂದ ಹೊಸಬರಿಗೆ ಮೊದಲು ಸ್ವಲ್ಪ ಗೊಂದಲ. ನಡೆದಾರಿ ಮತ್ತು ಬಂದ್ ಆದ ದಾರಿ, ಇವೆರಡನ್ನೇ ಹಚ್ಚಿಟ್ಟುಕೊಂಡರೆ ಸಾಕು.

ಈ ನಕಾಶೆ ಒಮ್ಮೆಲೇ ಹುಟ್ಟಿದ್ದಲ್ಲ. ಜನರಲ್ ಡ್ಯುಫೂರ್ ಮುಂದಾಳತ್ವದಲ್ಲಿ 1845ರಿಂದ 1865ರ ತನಕ ದೇಶದ ಮೊದಲ ಹಾಳೆಗಳು ಬಂದವು. 4,634 ಮೀಟರಿನ ಆ ದೇಶದ ಅತಿ ಎತ್ತರದ ಶಿಖರಕ್ಕೆ ಡ್ಯುಫೂರನದೇ ಹೆಸರು. ಒಬ್ಬ ಸರ್ವೇಯರನಿಗೆ ಒಂದು ದೇಶ ಕೊಟ್ಟ ಮರ್ಯಾದೆ ನೋಡಿ! 2021ರ ಮಾರ್ಚ್‌ನಿಂದ ಇಲಾಖೆಯ ಅಳತೆಯ ಮಾಹಿತಿಯನ್ನೂ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ.

ನಮ್ಮಲ್ಲಿ ಕೆಲಸ ಕಡಿಮೆ ಆಗಿದೆ ಅಂತಲ್ಲ. ಬ್ರಿಟಿಷ್ ಸರ್ವೇಯರ್ ಲ್ಯಾಂಬ್ಟನ್ ಮದ್ರಾಸಿನಲ್ಲಿ ದೊಡ್ಡ ಸರ್ವೇ ಶುರು ಮಾಡಿದ್ದು 1802ರಲ್ಲಿ, ಡ್ಯುಫೂರ್‌ಗಿಂತ ಮೊದಲೇ. 2017ರಿಂದ ಸರ್ವೇ ಆಫ್ ಇಂಡಿಯಾದ 1:50,000 ಹಾಳೆಗಳೂ ಆನ್‌ಲೈನಿನಲ್ಲಿ ಬಿಟ್ಟಿಯಾಗಿ ಸಿಗುತ್ತಿವೆ. ಬೆಳಗಾವಿ ಬರುವುದು 48 ಐ ಅನ್ನುವ ನಂಬರಿನ ಹಾಳೆಗಳಲ್ಲಿ. ಅದರ ಮೇಲೆ ಕಣಕುಂಬಿ, ಜಾಂಬೋಟಿ ಕಡೆಯ ಕಾಲುದಾರಿಗಳು, ಯಾವುದು ಮಳೆಗಾಲದಲ್ಲಿ ಬಂದ್, ಯಾವುದಕ್ಕೆ ಅರಣ್ಯ ಇಲಾಖೆಯ ಪರವಾನಗಿ ಬೇಕು, ಇಷ್ಟನ್ನು ಕೂಡಿಸಿ ಫೋನಿಗೆ ಕೊಟ್ಟರೆ ನಮ್ಮ ಹುಡುಗರು ಘಟ್ಟದಲ್ಲಿ ದಾರಿ ತಪ್ಪುವುದು ಎಷ್ಟೋ ಕಡಿಮೆಯಾಗುತ್ತದೆ. ಇಲಾಖೆಯಲ್ಲಿ ಈಗ ಇರುವ ಹೊಸ ಹುಡುಗರು ಯಾರಾದರೂ ಇದನ್ನು ಓದುತ್ತಿದ್ದರೆ ಒಮ್ಮೆ ಸ್ವಿಸ್‌ಟೋಪೋ ತೆರೆದು ನೋಡಿ. ಇಂಥದ್ದು ಮಾಡುವುದಾದರೆ ಹಳೆಯ ಟಿಪ್ಪಣಿ ಓದಿ ಹೇಳಲು, ಕಾಲುದಾರಿ ತೋರಿಸಲು ನಾನು ಬರುತ್ತೇನೆ.