ಗದ್ದದ ಮೊಡವೆಗೆ ಗರ್ಭನಿರೋಧಕ ಮಾತ್ರೆಯೋ, ಸ್ಪಿರೊನೊಲ್ಯಾಕ್ಟೋನೋ?

ಮುಟ್ಟಿಗೆ ವಾರವಿರುವಾಗಲೇ ಗದ್ದ, ದವಡೆಯ ಅಂಚಿನಲ್ಲಿ ಕೈ ತಾಗಿದರೆ ನೋಯುವ ಗಟ್ಟಿ ಗುಳ್ಳೆಗಳು. ವಿಜಯಪುರದ ನನ್ನ ತಂಗಿ ಎರಡು ವರ್ಷ ಅರಿಶಿನ, ಕಡಲೆಹಿಟ್ಟು ಹಚ್ಚಿ ಸೋತಳು. ಚರ್ಮವೈದ್ಯರು ಎರಡು ದಾರಿ ಹೇಳಿದರು.

ಮೊದಲನೆಯದು ಈಸ್ಟ್ರೋಜೆನ್, ಪ್ರೊಜೆಸ್ಟಿನ್ ಎಂಬ ಎರಡು ಹೆಣ್ಣು ಹಾರ್ಮೋನ್‌ಗಳೂ ಇರುವ ಗರ್ಭನಿರೋಧಕ ಮಾತ್ರೆ. ಆಂಡ್ರೋಜೆನ್ (ಹೆಂಗಸರಲ್ಲೂ ಇರುವ ಪುರುಷ ಹಾರ್ಮೋನ್) ತಗ್ಗಿ ಚರ್ಮದ ಜಿಡ್ಡು ಇಳಿಯುತ್ತದೆ. ಬರೀ ಪ್ರೊಜೆಸ್ಟಿನ್ ಇರುವ ಮಾತ್ರೆ ಕೆಲವರಲ್ಲಿ ಮೊಡವೆ ಹೆಚ್ಚಿಸುತ್ತದೆ, ಆದ್ದರಿಂದ ಗೆಳತಿಯ ಚೀಟಿ ನೋಡಿ ಕೊಳ್ಳಬೇಡಿ. ಮುಟ್ಟು ಏರುಪೇರಾಗುವವರಿಗೆ ನನ್ನ ಒಲವು ಇದರತ್ತಲೇ. ಆದರೆ ಹಿಂದೆ ರಕ್ತ ಹೆಪ್ಪುಗಟ್ಟಿದ್ದರೆ, ಅಧಿಕ ರಕ್ತದೊತ್ತಡ ಅಥವಾ ಕಣ್ಣೆದುರು ಮಿಂಚು ಕಾಣಿಸುವ ಮೈಗ್ರೇನ್ ಇದ್ದರೆ, 35 ದಾಟಿಯೂ ಧೂಮಪಾನ ಮಾಡುತ್ತಿದ್ದರೆ ಬೇಡವೇ ಬೇಡ. "ಮದುವೆಯಾಗದ ಹುಡುಗಿಗೆ ಈ ಮಾತ್ರೆಯೇ?" ಎಂದು ಅಮ್ಮ ಹೆದರಿದರು. ಇದರಿಂದ ಬಂಜೆತನ ಬರುವುದಿಲ್ಲ. ನಿಲ್ಲಿಸಿದ ಮೇಲೆ ಗರ್ಭ ಧರಿಸಬಹುದು.

ಎರಡನೆಯದು ಸ್ಪಿರೊನೊಲ್ಯಾಕ್ಟೋನ್, ಮೂತ್ರ ಹೆಚ್ಚಿಸುವ, ರಕ್ತದೊತ್ತಡದ ಔಷಧ. ಚರ್ಮದಲ್ಲೇ ಆಂಡ್ರೋಜೆನ್‌ಗೆ ತಡೆಯೊಡ್ಡುತ್ತದೆ. ಈಸ್ಟ್ರೋಜೆನ್ ಒಗ್ಗದವರಿಗೆ ಇದೇ ಸರಿ. ಮುಟ್ಟು ಹಿಂದುಮುಂದಾಗಬಹುದು, ಗರ್ಭಿಣಿಯರು ನುಂಗುವಂತಿಲ್ಲ. ಹಾಗಾಗಿ ಎರಡನ್ನೂ ಜೊತೆಗೆ ಬರೆಯುವ ವೈದ್ಯರೂ ಇದ್ದಾರೆ.

ಯಾವುದಾದರೂ ಸುಮಾರು 3 ತಿಂಗಳು ಕಾಯಬೇಕು. ತಂಗಿ ಮೊದಲನೆಯದನ್ನು ಆರಿಸಿಕೊಂಡಳು. 21 ಮಾತ್ರೆಗಳ ಸ್ಟ್ರಿಪ್ ಈಗ ಅವಳ ಕನ್ನಡಿಯ ಪಕ್ಕದಲ್ಲೇ ಇದೆ.